ಘಾರಾಪುರಿಯ ಸದಾಶಿವ, ಅವ್ವನ ಬಿಲ್ವಪತ್ರೆ

ಶ್ರಾವಣಕ್ಕೆ ಅಂತ ಅವ್ವ ಬಾದಾಮಿ ಹತ್ತಿರದ ನಮ್ಮೂರಿಂದ ಮುಂಬೈ ಪಕ್ಕದ ಡೊಂಬಿವಲಿಗೆ, ನನ್ನ ಮನೆಗೆ ಬಂದಿದ್ದಳು. ಸೋಮವಾರ ಘಾರಾಪುರಿಗೆ, ಅಂದರೆ ಎಲಿಫೆಂಟಾ ದ್ವೀಪಕ್ಕೆ ಹೋಗಬೇಕು ಅನ್ನೋದು ಅವಳ ಆಸೆ. ಆದರೆ ಅಲ್ಲಿನ ಗುಹೆಗಳಿಗೆ ವಾರದ ರಜೆ ಸೋಮವಾರವೇ. ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಇರ್ಲಿ ಬಿಡವ್ವಾ, ಸೋಮವಾರ ಒಪ್ಪತ್ತು ಮಾಡ್ತೀನಿ. ಮಂಗಳವಾರ ಹೋಗಿ ನೋಡಿ ಬರೂಣು" ಅಂದಳು.

ಮಂಗಳವಾರ ಬೆಳಿಗ್ಗೆ ಲೋಕಲ್ ಹತ್ತಿದಾಗಿನಿಂದ ಮಳೆ. ಗೇಟ್‌ವೇ ಹತ್ತಿರ ಸಮುದ್ರ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಲೆ ಜಾಸ್ತಿಯಾದರೆ ಲಾಂಚ್ ಬಿಡುವುದಿಲ್ಲ. ಕಾದೆವು. ಕೊನೆಗೆ ಬಿಟ್ಟರು. ಸುಮಾರು ಒಂದು ಗಂಟೆಯ ದಾರಿ. ದೋಣಿ ತೂಗಿದಾಗಲೆಲ್ಲ ಅವ್ವ ಸೆರಗಿನೊಳಗೆ ಕೈಯಿಟ್ಟು ಕೊರಳಲ್ಲಿದ್ದ ಇಷ್ಟಲಿಂಗ ಹಿಡಿದುಕೊಳ್ಳುತ್ತಿದ್ದಳು. ಇನ್ನೊಂದು ಕೈಯಲ್ಲಿ ಒಂದು ಕರ್ಚೀಫಿನ ಗಂಟು. ಏನದು ಅಂತ ನಾನು ಕೇಳಲಿಲ್ಲ.

ಎಲಿಫೆಂಟಾ ಅನ್ನೋದು ಪೋರ್ಚುಗೀಸರು ಇಟ್ಟ ಹೆಸರು. ದ್ವೀಪದಲ್ಲಿದ್ದ ದೊಡ್ಡ ಕಲ್ಲಾನೆ ನೋಡಿ ಹಾಗೆ ಕರೆದರಂತೆ. ಆ ಆನೆ ಈಗ ಬೈಕುಲಾದ ಮ್ಯೂಸಿಯಂ ಅಂಗಳದಲ್ಲಿದೆ. ಊರವರಿಗೆ ಮಾತ್ರ ಇದು ಇವತ್ತಿಗೂ ಘಾರಾಪುರಿಯೇ. ಮೆಟ್ಟಿಲುಗಳ ಎರಡೂ ಬದಿ ಅಂಗಡಿ, ಮೇಲೆ ತಾಡಪಾಲು. ಅದರ ಮೇಲೆ ಮಳೆ ಬಡಿಯುವ ಸದ್ದಿನಲ್ಲಿ ಮಾತೇ ಕೇಳುತ್ತಿರಲಿಲ್ಲ. ಅವ್ವ ಮೂರು ಕಡೆ ಕೂತು, ಸುಧಾರಿಸಿಕೊಂಡು ಹತ್ತಿದಳು.

ಗುಹೆಯ ಬಾಗಿಲಲ್ಲಿ ಯಾರೂ ಹೇಳದೆಯೇ ಚಪ್ಪಲಿ ಬಿಟ್ಟಳು.

ಒಳಗೆ ಹೋದರೆ ಸಾಲು ಸಾಲು ಕಂಬ. ಇದು ಕಟ್ಟಿದ್ದಲ್ಲ. 6ನೇ ಶತಮಾನದಲ್ಲಿ ಒಂದೇ ಗುಡ್ಡವನ್ನು ಕೊರೆದು ಕಂಬ, ಗರ್ಭಗುಡಿ, ದೇವರು ಎಲ್ಲವನ್ನೂ ಬಿಡಿಸಿದ್ದು. ನಮ್ಮ ಬಾದಾಮಿಯ ಗುಹೆಗಳನ್ನು ಕೊರೆದದ್ದೂ ಅದೇ ಶತಮಾನದಲ್ಲಿ. ಅಲ್ಲಿರುವ ಅರ್ಧನಾರೀಶ್ವರ ಇಲ್ಲೂ ಇದ್ದಾನೆ, ಕುಣಿಯುವ ಶಿವನೂ ಇದ್ದಾನೆ. ಹಾಗಾಗಿ ಅವ್ವನಿಗೆ ಇದು ಪರವೂರು ಅನ್ನಿಸಲೇ ಇಲ್ಲ.

ಆದರೆ ಒಡೆದ ಕೈಕಾಲು ನೋಡಿ ಅವಳ ಮುಖ ಸಣ್ಣಗಾಯಿತು. ಭಗ್ನವಾದ ಮೂರ್ತಿಗೆ ಪೂಜೆ ಇಲ್ಲ ಅನ್ನೋದು ನಮ್ಮ ಕಡೆಯ ನಂಬಿಕೆ ಅಲ್ವಾ. ಶಿವ-ಪಾರ್ವತಿಯರ ಮದುವೆಯ ಶಿಲ್ಪದ ಮುಂದೆ ಮಾತ್ರ ತುಂಬಾ ಹೊತ್ತು ನಿಂತಳು. ಪಾರ್ವತಿ ತಲೆ ತಗ್ಗಿಸಿ ಶಿವನ ಬಲಕ್ಕೆ ನಿಂತಿದ್ದಾಳೆ. "ಅಕ್ಷತಿ ಬೀಳೂ ತನಕ ಹೆಣ್ಣು ಬಲಕ್ಕ ನಿಲ್ಲೂದು. ಕಲ್ಲು ಕಡದವರಿಗೆ ಅದೂ ಗೊತ್ತಿತ್ತು ನೋಡು" ಅಂದಳು.

ಆಮೇಲೆ ಮೂರು ಮುಖ ಕಾಣುವ ಸದಾಶಿವನ ಎದುರು ಬಂದೆವು. ಮೋಡದ ದಿನ. ಉತ್ತರದ ಬಾಗಿಲಿಂದ ಬರುವ ಬೆಳಕು ಹಿಂಗೋಡೆ ಮುಟ್ಟುವಷ್ಟರಲ್ಲಿ ಬೂದಿಯಷ್ಟೇ ಉಳಿದಿತ್ತು. ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಹಾಗೆ ತುಟಿ ಕಂಡಿತು, ಆಮೇಲೆ ಮುಚ್ಚಿದ ರೆಪ್ಪೆ, ಆಮೇಲೆ ಕಿರೀಟ. ಮೂರಾಳು ಎತ್ತರದ ಮುಖ ಕತ್ತಲೊಳಗಿಂದ ನಿಧಾನಕ್ಕೆ ಮೇಲೆದ್ದು ಬಂದ ಹಾಗಿತ್ತು. ಬಿಸಿಲಿನ ದಿನ ನಾನು ಎರಡು ಸಲ ಬಂದು ನೋಡಿದ್ದೇನೆ. ಹೀಗೆ ಯಾವತ್ತೂ ಕಂಡಿರಲಿಲ್ಲ.

ಪಕ್ಕದಲ್ಲಿ ಗೈಡ್ ಒಬ್ಬರು ಬ್ರಹ್ಮ, ವಿಷ್ಣು, ಮಹೇಶ ಅಂತ ವಿವರಿಸುತ್ತಿದ್ದರು. ಅವ್ವ ನನ್ನ ಕೈ ಜಗ್ಗಿದಳು. "ಮೂವರಲ್ಲವ್ವಾ. ಒಬ್ಬನ ಅದಾನ." ನಡುವೆ ಶಾಂತನಾದ ತತ್ಪುರುಷ. ನಮ್ಮ ಎಡಕ್ಕೆ ಮೀಸೆ ಹೊತ್ತ, ಹಾವು ಹಿಡಿದ ಅಘೋರ. ಬಲಕ್ಕೆ ತಾವರೆ ಹಿಡಿದ, ಹೆಣ್ಣಿನಷ್ಟು ಮೆತ್ತಗಿನ ವಾಮದೇವ. ವಿಭೂತಿ ಹಚ್ಚಿಕೊಳ್ಳುವಾಗ ಅವ್ವ ದಿನಾ ಹೇಳುವ ಹೆಸರುಗಳು ಇವು. ಊರಿನ ಮಠದಲ್ಲಿ ಚಿಕ್ಕಂದಿನಲ್ಲೇ ಕಲಿತದ್ದು. ವಿದ್ವಾಂಸರು ಹೇಳುವುದೂ ಇದನ್ನೇ: ಇದು ಐದು ಮುಖದ ಸದಾಶಿವ.

"ಮತ್ತ ಉಳಿದ ಎರಡು?" ಅಂತ ಕೇಳಿದೆ.

"ಈಶಾನ ಮ್ಯಾಲದಾನ. ಸದ್ಯೋಜಾತ ಹಿಂದ. ಕಲ್ಲೊಳಗ ಅದಾನ, ಇನ್ನೂ ಹೊರಗ ಬಂದಿಲ್ಲ."

ಮೈ ಜುಮ್ಮೆಂದಿತು. ಅಷ್ಟು ದೊಡ್ಡ ಶಿಲ್ಪ ಬಿಡಿಸಿದವರು ಹಿಂದಿನ ಮುಖವನ್ನು ಗುಡ್ಡಕ್ಕೇ ಬಿಟ್ಟಿದ್ದಾರೆ. ಅದಕ್ಕೆ ಉಳಿ ತಾಗಿಲ್ಲ. ಒಡೆಯಲು ಬಂದವರ ಕೈಗೂ ಸಿಕ್ಕಿಲ್ಲ. ಅವ್ವನ ಮುಖದ ಮೇಲಿದ್ದ ಆ ಸಂಕಟ ಆಗ ಇರಲಿಲ್ಲ. ಕಣ್ಣು ಮುಚ್ಚಿ, ಕೈ ಮುಗಿದು ನಿಂತಿದ್ದಳು.

ಪಶ್ಚಿಮದ ಕಡೆ ನಾಲ್ಕು ಬಾಗಿಲಿನ ಗರ್ಭಗುಡಿ ಇದೆ. ಒಂದೊಂದು ಬಾಗಿಲಿಗೆ ಇಬ್ಬಿಬ್ಬರು ದ್ವಾರಪಾಲಕರು. ಒಳಗೆ ಬರೀ ಲಿಂಗ. ದೀಪ ಇಲ್ಲ, ಗಂಟೆ ಇಲ್ಲ, ನಿತ್ಯಪೂಜೆ ಇಲ್ಲ. ಅವ್ವ ಕರ್ಚೀಫು ಬಿಚ್ಚಿದಳು. ಬಿಲ್ವಪತ್ರೆ. ಊರಿನ ಗಿಡದ್ದು, ಒಂದೇ ಒಂದು ಎಸಳು ಬಾಡಿತ್ತು. ಅಲ್ಲಿದ್ದ ಕಾವಲುಗಾರ, ಏನೂ ಇಡಬೇಡಿ ತಾಯಿ, ಅಂತ ಮರಾಠಿಯಲ್ಲಿ ಮೆತ್ತಗೆ ಹೇಳಿದ. ಅವ್ವ ಒಂದು ಮಾತೂ ಆಡಲಿಲ್ಲ. ಪತ್ರೆಯನ್ನು ಹಣೆಗೆ ಒತ್ತಿಕೊಂಡು ಮತ್ತೆ ಗಂಟು ಕಟ್ಟಿದಳು. ನಾಲ್ಕೂ ಬಾಗಿಲ ಸುತ್ತ ಒಂದು ಸುತ್ತು ಬಂದಳು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು ಪೂಜೆಗೆ ಕೂತಳು. ಅದೇ ಪತ್ರೆ ತೆಗೆದು ಲಿಂಗದ ಮೇಲಿಟ್ಟಳು. ಐದು ಹೆಸರು ಹೇಳುವಾಗ ಸದ್ಯೋಜಾತ ಅನ್ನುವಲ್ಲಿ ಅವ್ವನ ದನಿ ಒಂದು ಗಳಿಗೆ ನಿಂತಿತು.