ಹಡಗು ಡಾಕ್‌ಗೆ ಬರುವ ಮುನ್ನ ಆಗಬೇಕಾದ ಕೆಲಸ

ನೌಕಾಪಡೆಯ ಸಿಂಧುಕೀರ್ತಿ ಜಲಾಂತರ್ಗಾಮಿಯು ರೀಫಿಟ್‌ಗಾಗಿ, ಅಂದರೆ ಸಮಗ್ರ ದುರಸ್ತಿಗಾಗಿ, ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್ ಸೇರಿದ್ದು 2006ರಲ್ಲಿ. ಕೆಲಸ ಮುಗಿದು ಹೊರಬಂದದ್ದು 2015ರಲ್ಲಿ. ಇಂಥ ಸುದ್ದಿ ಬಂದಾಗಲೆಲ್ಲ ಕಾರ್ಮಿಕರನ್ನು ದೂರುವವರೇ ಹೆಚ್ಚು. ಆದರೆ ರೀಫಿಟ್‌ನ ವಿಳಂಬ ಬಹುಮಟ್ಟಿಗೆ ಕೆಲಸದ ಪಟ್ಟಿ ಸಿದ್ಧವಾಗುವ ಹಂತದಲ್ಲೇ ಹುಟ್ಟುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಡಗನ್ನು ಒಳಗೆ ತಂದು ನಿಲ್ಲಿಸುವ ದುರಸ್ತಿ ಕಟ್ಟೆಯಾದ ಡ್ರೈ ಡಾಕ್‌ನ ನೀರು ಬಸಿದ ಮೇಲೆ ತಳದ ಉಕ್ಕಿನ ಪ್ಲೇಟು ನಿರೀಕ್ಷೆಗಿಂತ ಹೆಚ್ಚು ಸವೆದಿರುವುದು ಕಂಡರೆ, ಅದನ್ನು ಬದಲಿಸಲು ಅದರ ಒಳಬದಿಯ ಪೈಪು, ಕೇಬಲ್‌ಗಳನ್ನೆಲ್ಲ ಬಿಚ್ಚಬೇಕಾಗುತ್ತದೆ; ಆಗ ಅವುಗಳ ದೋಷವೂ ಬಯಲಾಗಿ, ಬಿಡಿಭಾಗಗಳಿಗೆ ಹೊಸದಾಗಿ ಟೆಂಡರ್ ಕರೆಯಬೇಕಾಗಿ ಬಂದು, ಡಾಕ್ ತೆರವಾಗದೆ ಸರದಿಯ ಮುಂದಿನ ಹಡಗೂ ಕಾಯುತ್ತದೆ. ಹಡಗು ಇನ್ನೂ ನೀರಿನಲ್ಲಿರುವಾಗಲೇ ಅಲ್ಟ್ರಾಸೌಂಡ್ ಉಪಕರಣದಿಂದ ಪ್ಲೇಟಿನ ದಪ್ಪ ಅಳೆಯಬಹುದು, ಎಂಜಿನ್ ಆಯಿಲ್‌ನಲ್ಲಿ ಲೋಹದ ಕಣಗಳಿವೆಯೇ ಎಂದು ಪರೀಕ್ಷಿಸಬಹುದು, ಮುಳುಗುಗಾರರಿಂದ ತಳವನ್ನು ನೋಡಿಸಬಹುದು. ಹಿಂದಿನ ರೀಫಿಟ್‌ನ ಅಳತೆಗಳನ್ನು ಜೋಪಾನವಾಗಿ ಇಟ್ಟಿದ್ದರೆ ಸವೆತದ ವೇಗವೂ ತಿಳಿಯುತ್ತದೆ.

ಮಲ್ಪೆಯ ಬೋಟು ಮಾಲಕರು ಇದನ್ನು ಚೆನ್ನಾಗಿ ಬಲ್ಲರು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ದುರಸ್ತಿ ಮುಗಿಯಬೇಕಾದ್ದರಿಂದ, ಯಾವ ಭಾಗ ಕೈಕೊಡುತ್ತಿದೆ ಎಂಬುದನ್ನು ಬೋಟು ನಡೆಸುವ ತಾಂಡೇಲನಿಂದ ಮೊದಲೇ ಕೇಳಿ ತಿಳಿದು ಸಾಮಗ್ರಿ ಹೊಂದಿಸಿಕೊಳ್ಳುತ್ತಾರೆ.

ಯುದ್ಧನೌಕೆಯ ಸಾಮಗ್ರಿ ಅಷ್ಟು ಸುಲಭದಲ್ಲಿ ದೊರೆಯುವುದಿಲ್ಲ, ನಿಜ. ನಮ್ಮ ತಲ್ವಾರ್, ಡೆಲ್ಲಿ ವರ್ಗದ ನೌಕೆಗಳ ಗ್ಯಾಸ್ ಟರ್ಬೈನ್ ಎಂಜಿನ್‌ಗಳು ಉಕ್ರೇನಿನವು. 2022ರಲ್ಲಿ ಅಲ್ಲಿ ಯುದ್ಧ ತೀವ್ರಗೊಂಡ ಮೇಲಂತೂ ಬಿಡಿಭಾಗಗಳನ್ನು ಹಡಗು ಬಂದ ನಂತರ ಹುಡುಕುವುದು ತೀರಾ ಅವಿವೇಕ. ಆದ್ದರಿಂದಲೇ ಪಟ್ಟಿಯನ್ನು ರೀಫಿಟ್‌ಗೆ ವರ್ಷದ ಮುಂಚೆಯಾದರೂ ಅಂತಿಮಗೊಳಿಸಬೇಕು, ಮತ್ತು ನಡುವೆ ಹೊಸ ರಾಡಾರ್ ಅಥವಾ ಅಸ್ತ್ರ ಸೇರಿಸುವ ಬೇಡಿಕೆ ಬಂದರೆ ಅದಕ್ಕೆ ತಗಲುವ ದಿನಗಳನ್ನು ಬರಹದಲ್ಲಿ ದಾಖಲಿಸಿದ ಮೇಲಷ್ಟೇ ಒಪ್ಪಬೇಕು. ಕಳೆದ ದಿನಗಳನ್ನು ಕೊನೆಯಲ್ಲಿ ಅವಸರದಿಂದ ಸರಿದೂಗಿಸಲು ಹೊರಡುವುದು ಅಪಾಯಕಾರಿ. ಅವಸರವೇ ಕಾರಣವೆಂದು ಹೇಳಲಾಗದಿದ್ದರೂ, ಡಾಕ್‌ನ ಅವಘಡ ಜೀವಕ್ಕೇ ಎರವಾಗಬಲ್ಲದು ಎಂಬುದಕ್ಕೆ ನಿದರ್ಶನಗಳಿವೆ: 2016ರಲ್ಲಿ ಮುಂಬಯಿಯ ಡಾಕ್‌ನಿಂದ ಹೊರತರುವಾಗ ಯುದ್ಧನೌಕೆ ಬೇಟ್ವಾ ಮಗುಚಿ ಇಬ್ಬರು ನಾವಿಕರು ಮೃತಪಟ್ಟರು. 2024ರಲ್ಲಿ ಅಲ್ಲಿಯೇ ರೀಫಿಟ್‌ನಲ್ಲಿದ್ದ ಬ್ರಹ್ಮಪುತ್ರ ನೌಕೆಯ ಬೆಂಕಿಯಲ್ಲಿ ಒಬ್ಬ ನಾವಿಕ ಜೀವ ಕಳೆದುಕೊಂಡರು.

ನಮ್ಮದೇ ಕರಾವಳಿಯ ಕಾರವಾರ ನೆಲೆಯಲ್ಲಿ 10,000 ಟನ್ ಸಾಮರ್ಥ್ಯದ ಶಿಪ್‌ಲಿಫ್ಟ್ ಇದೆ. ಹಡಗನ್ನು ನೀರಿನಿಂದ ಎತ್ತಿ ದಡದ ಮೇಲಿನ ಜಾಗಕ್ಕೆ ಸಾಗಿಸುವುದರಿಂದ ಎತ್ತುವ ವೇದಿಕೆ ಮುಂದಿನ ಹಡಗಿಗೆ ಬಿಡುವಾಗುತ್ತದೆ. ಆದರೆ ದಡದ ಮೇಲಿನ ಜಾಗಗಳಿಗೂ ಮಿತಿಯಿದೆ. ಅರೆಬರೆ ಪಟ್ಟಿಯೊಂದಿಗೆ ಬಂದ ಹಡಗುಗಳು ಅವನ್ನು ಹಿಡಿದು ನಿಂತರೆ ಅಲ್ಲಿಯೂ ಸರದಿ ಬೆಳೆಯುತ್ತದೆ.