ಶಿರಾಜ್‌ನೊಳಗಿನ ಕಾಳುಮೆಣಸು

ಬಳ್ಳಿಯಿಂದ ಕಿತ್ತ ಶಿರಾಜ್ ಎಂಬ ವೈನ್ ದ್ರಾಕ್ಷಿಯನ್ನು ಬಾಯಿಗೆ ಹಾಕಿಕೊಂಡ ಕೂಡಲೇ, ಇಷ್ಟು ಸಿಹಿಯಾದ ಹಣ್ಣನ್ನು ಮಾರ್ಕೆಟ್ಟಿಗೆ ಯಾಕೆ ತರುವುದಿಲ್ಲ ಅನ್ನಿಸಿತು. ಅಗಿದಾಗ ಕಾರಣ ತಿಳಿಯಿತು. ಹಣ್ಣು ಕಡಲೆಕಾಳಿಗಿಂತ ತುಸು ದೊಡ್ಡದು, ಒಳಗೆ ಎರಡು ಮೂರು ಬೀಜ, ಮೇಲೆ ದಪ್ಪ ಸಿಪ್ಪೆ. ತಿರುಳು ನೆಪಮಾತ್ರಕ್ಕೆ. ಸಿಪ್ಪೆ ಉಗಿಯಲು ನಾನು ಪಕ್ಕಕ್ಕೆ ತಿರುಗಿದೆ. ತೋಟ ತೋರಿಸುತ್ತಿದ್ದ ಹುಡುಗಿ ತಡೆದಳು. "ಮೇಡಂ, ಉಗೀಬೇಡಿ. ಸಿಪ್ಪೆ, ಬೀಜ ಎಲ್ಲ ಚೆನ್ನಾಗಿ ಅಗೀರಿ."

ಅಗಿದೆ. ಸಿಹಿ ಇಳಿದುಹೋಗಿ ಹಸಿ ಅಡಿಕೆ ಕಚ್ಚಿದ ಹಾಗೆ ಬಾಯೆಲ್ಲ ಒಗರಾಯಿತು. ನಾಲಿಗೆ ಒಣಗಿ ಒಸಡಿನ ಮೇಲೆ ಏನೋ ಬಳಿದಂತಾಯಿತು. "ಕೆಂಪು ವೈನ್ ಕುಡಿದಾಗ ಹೀಗೇ ಆಗುತ್ತಲ್ವಾ? ಅದು ಇಲ್ಲಿಂದಲೇ ಬರೋದು" ಎಂದಳು.

ಅದು ಫೆಬ್ರವರಿ ಕೊನೆಯ ಶನಿವಾರ. ಅಕ್ಕ, ಭಾವ, ನಾನು ಟ್ಯಾಕ್ಸಿ ಮಾಡಿಕೊಂಡು ನಂದಿಬೆಟ್ಟದ ತಪ್ಪಲಿನ ಒಂದು ವೈನರಿಗೆ ಹೋಗಿದ್ದೆವು. ನನಗೆ ಗೊತ್ತಿದ್ದ ವೈನ್ ಎಂದರೆ ಕ್ರಿಸ್‌ಮಸ್‌ಗೆ ಪಕ್ಕದ ಮನೆಯ ಆಂಟಿ ಬೆಂಗಳೂರು ನೀಲಿ ದ್ರಾಕ್ಷಿಯಲ್ಲಿ ಮಾಡಿ ಕೊಡುತ್ತಿದ್ದ ಗಟ್ಟಿ ಸಿಹಿಯ ವೈನು. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ, ಹಿಸುಕಿದರೆ ತಿರುಳು ಜಾರಿ ಸಿಪ್ಪೆ ಕೈಯಲ್ಲೇ ಉಳಿಯುವ ಆ ದ್ರಾಕ್ಷಿಯ ಘಮ ಈಗಲೂ ನನಗೆ ಇಷ್ಟ. ಹೋಟೆಲುಗಳಲ್ಲಿ ಯಾರಾದರೂ ತರಿಸಿದ ಕೆಂಪು ವೈನ್ ಮಾತ್ರ ಒಂದೂ ಹಿಡಿಸಿರಲಿಲ್ಲ. ಹುಳಿ, ಒಗರು ಮತ್ತು ಸ್ಪಿರಿಟ್ ವಾಸನೆ, ಅಷ್ಟೇ. ಜನ ಅದರಲ್ಲಿ ಚೆರ್ರಿ, ತಂಬಾಕು, ಒದ್ದೆ ಮಣ್ಣು ಎಂದೆಲ್ಲ ಕಾಣುವುದು ಹೇಗೆ ಎಂದು ತಿಳಿದುಕೊಳ್ಳುವ ಆಸೆ ನಿಜವಾಗಿಯೂ ಇತ್ತು.

ಈ ಪ್ರದೇಶ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಗಲು ಬಿಸಿಲು ಕಾದರೂ ರಾತ್ರಿ ತಂಪು. 1980ರ ದಶಕದಲ್ಲಿ ಉದ್ಯಮಿ ಕನ್ವಲ್ ಗ್ರೋವರ್ ಫ್ರಾನ್ಸಿನ ತಳಿಗಳನ್ನು ತಂದು ಇಲ್ಲಿ ನೆಡಿಸಿದ್ದರ ಹಿಂದೆ ಈ ಹವೆಯೂ ಇದೆ. ಫ್ರಾನ್ಸಿನಲ್ಲಿ ಬಳ್ಳಿ ಚಳಿಗಾಲವಿಡೀ ಮಲಗಿ ಸೆಪ್ಟೆಂಬರ್ ಹೊತ್ತಿಗೆ ಫಸಲು ಕೊಡುತ್ತದೆ. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ, ಬಿಟ್ಟರೆ ವರ್ಷಕ್ಕೆ ಎರಡು ಸಲ ಕಾಯಿ ಬಿಡುತ್ತದೆ. ಹಾಗಾಗಿ ಏಪ್ರಿಲ್ ಸುಮಾರಿಗೆ ಒಮ್ಮೆ, ಮಳೆ ಕಳೆಯುವ ಹೊತ್ತಿಗೆ ಮತ್ತೊಮ್ಮೆ ಬಳ್ಳಿ ಸವರಿ (ಚಾಟನಿ ಮಾಡಿ), ಫೆಬ್ರವರಿ–ಮಾರ್ಚ್‌ನ ಒಂದೇ ಫಸಲು ತೆಗೆಯುತ್ತಾರೆ. ನಾವು ಹೋದಾಗ ಕೊಯ್ಲು ನಡೆದಿತ್ತು.

ಹುಡುಗಿ ಇನ್ನೊಂದು ಹಣ್ಣನ್ನು ಕಿತ್ತು ಭಾವನ ಅಂಗೈಗೆ ಹಿಂಡಿದಳು. ಕಪ್ಪು ಹಣ್ಣಿನ ರಸ ಹೆಚ್ಚುಕಡಿಮೆ ನೀರಿನ ಬಣ್ಣದ್ದೇ. ಸಿಪ್ಪೆಯ ಒಳಮೈಯನ್ನು ಬೆರಳಿನಿಂದ ತಿಕ್ಕಿದರೆ ಮಾತ್ರ ನೇರಳೆ ಬಣ್ಣ ಹತ್ತಿತು. ವೈನ್ ಹೇಗೆ ಆಗುತ್ತದೆ ಎನ್ನುವುದರ ಬಹುಪಾಲು ನನಗೆ ಅಲ್ಲೇ, ಆ ಅಂಗೈಯಲ್ಲೇ ಅರ್ಥವಾಯಿತು. ಸಿಪ್ಪೆಯ ಜೊತೆ ಹುದುಗಿಸಿದರೆ ಕೆಂಪು ವೈನ್, ಬಣ್ಣವೂ ಒಗರೂ ಎರಡೂ ಇಳಿಯುತ್ತವೆ. ಕೆಲವೇ ಗಂಟೆ ಸಿಪ್ಪೆಯ ಜೊತೆ ಬಿಟ್ಟು ರಸ ಬಸಿದರೆ ತಿಳಿಗುಲಾಬಿ ಬಣ್ಣದ ರೋಸೆ. ಬಿಳಿ ವೈನ್‌ಗೆ ಹಸಿರು ದ್ರಾಕ್ಷಿಯ ರಸವನ್ನು ಮೊದಲೇ ಹಿಂಡಿ ತೆಗೆದುಬಿಡುತ್ತಾರೆ, ಅದಕ್ಕೇ ಅದರಲ್ಲಿ ಒಗರು ಇಲ್ಲವೆನ್ನುವಷ್ಟು ಕಡಿಮೆ.

ರುಚಿ ನೋಡುವ ಮೇಜಿನ ಮೇಲೆ ಗಾಜಿನ ಲೋಟಗಳು, ನೀರು, ಉಗಿಯಲು ಒಂದು ಪಾತ್ರೆ, ಚೀಸ್ ತುಂಡುಗಳು. ಮೊದಲು ಸೋವಿನ್ಯೊಂ ಬ್ಲಾಂಕ್ ಎಂಬ ದ್ರಾಕ್ಷಿಯ ಬಿಳಿ ವೈನ್. ಲೋಟ ಆಡಿಸಿ ಮೂಗಿಗೆ ಹಿಡಿದ ಅಕ್ಕ, "ಅಯ್ಯೋ, ದೊಣ್ಣೆ ಮೆಣಸಿನಕಾಯಿ ಹೆಚ್ಚಿದ ಹಾಗಿದೆಯಲ್ಲೇ!" ಎಂದಳು. ಹುಡುಗಿಗೆ ಖುಷಿಯಾಯಿತು. ಪೈರಜೀನ್ ಎಂಬ ಗುಂಪಿನ ಒಂದೇ ರಾಸಾಯನಿಕ ದೊಣ್ಣೆ ಮೆಣಸಿನಕಾಯಲ್ಲೂ ಇದೆ, ಈ ದ್ರಾಕ್ಷಿಯಲ್ಲೂ ಇದೆಯಂತೆ. ಅಂದರೆ ಪುಸ್ತಕದಲ್ಲಿ ಬರೆಯುವ ಪರಿಮಳಗಳು ಬರೀ ವರ್ಣನೆಯಲ್ಲ. ಎಷ್ಟೋ ಸಲ ಎರಡೂ ಕಡೆ ಇರುವುದು ಒಂದೇ ವಸ್ತು.

ಆಮೇಲೆ ಬಂದವು ಎರಡು ಶಿರಾಜ್. ಒಂದು ಸ್ಟೀಲ್ ಟ್ಯಾಂಕಿನಲ್ಲೇ ಇದ್ದದ್ದು, ಇನ್ನೊಂದು ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಟ್ಟದ್ದು. ಪೀಪಾಯಿಯದರಲ್ಲಿ ವೆನಿಲ್ಲಾ, ಸುಟ್ಟ ಮರದ ವಾಸನೆ ನಿಚ್ಚಳವಾಗಿ ಗೊತ್ತಾಯಿತು. ಅದೊಂದನ್ನೇ ಕೊಟ್ಟಿದ್ದರೆ ನನಗೆ ಖಂಡಿತ ಹೊಳೆಯುತ್ತಿರಲಿಲ್ಲ. ಪಕ್ಕದಲ್ಲಿ ಇನ್ನೊಂದು ಇದ್ದದ್ದರಿಂದ ವ್ಯತ್ಯಾಸ ತಾನಾಗಿ ಎದ್ದು ಬಂತು.

ಸ್ಟೀಲ್ ಟ್ಯಾಂಕಿನ ಶಿರಾಜ್ ಅನ್ನು ಮತ್ತೆ ಮೂಗಿಗೆ ಹಿಡಿದೆ. ಶಿರಸಿಯ ನಮ್ಮ ಅಜ್ಜನ ಮನೆಯ ಅಂಗಳ! ಕೊಯ್ದ ಕಾಳುಮೆಣಸಿನ ಗೊಂಚಲುಗಳಿಂದ ಕಾಳು ಉದುರಿಸಿ, ತಟ್ಟಿನ ಮೇಲೆ ಹರಡಿ, ಬಿಸಿಲಿಗೆ ಕಪ್ಪಾಗುತ್ತಾ ಬಂದಾಗ ಏಳುತ್ತಿದ್ದ ವಾಸನೆ ಅದು. ಮೂಗು ಕೆರಳಿಸುವ ಘಾಟು ಅಲ್ಲ, ಅದರ ಹಿಂದಿನ ಬೆಚ್ಚನೆಯ ಘಮ. ಹೇಳಿದೆ. ಅಕ್ಕ "ಹೌದೇ ಹೌದು" ಎಂದಳು. ಭಾವ ಮೂಸಿ ಮೂಸಿ ನೋಡಿ, "ನನಗೇನೂ ಬರ್ತಾ ಇಲ್ಲ. ದ್ರಾಕ್ಷಿ ವಾಸನೆ, ಅಷ್ಟೇ" ಎಂದರು. ಅವರ ಮನೆಯದೂ ಮೆಣಸಿನ ತೋಟವೇ, ಮೆಣಸಿನ ವಾಸನೆ ಗೊತ್ತಿಲ್ಲದವರಲ್ಲ.

ಮನೆಗೆ ಬಂದು ಓದಿದಾಗ ಇದಕ್ಕೆ ಉತ್ತರ ಸಿಕ್ಕಿತು. ಶಿರಾಜ್‌ನ ಮೆಣಸಿನ ಘಮಕ್ಕೆ ಕಾರಣ ರೊಟುಂಡೋನ್ ಎಂಬ ವಸ್ತು ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಕಾಳುಮೆಣಸಿನಲ್ಲಿ ಇರುವುದೂ ಅದೇ, ಆದರೆ ಅಲ್ಲಿ ಅದರ ಪ್ರಮಾಣ ಬಹಳ ಜಾಸ್ತಿ. ವೈನ್‌ನಲ್ಲಿ ಇರುವುದು ಅತ್ಯಲ್ಪ, ಆದರೂ ನಮ್ಮ ಮೂಗಿಗೆ ಅಷ್ಟು ಸಾಕು. ದ್ರಾಕ್ಷಿಯಲ್ಲಿ ಅದು ಹೆಚ್ಚಾಗಿ ಸಿಪ್ಪೆಯಲ್ಲಿರುತ್ತದೆ, ತಂಪು ಜಾಗದ ಬೆಳೆಯಲ್ಲಿ ಇನ್ನೂ ಹೆಚ್ಚು. ಅವರ ಪರೀಕ್ಷೆಯಲ್ಲಿ ನೂರಕ್ಕೆ ಸುಮಾರು 20 ಜನರಿಗೆ ಎಷ್ಟು ಬೆರೆಸಿಕೊಟ್ಟರೂ ಆ ವಾಸನೆ ಹತ್ತಲೇ ಇಲ್ಲ. ಕಾಳುಮೆಣಸಿನಲ್ಲಿ ಬೇರೆ ಪರಿಮಳದ ವಸ್ತುಗಳೂ ಇರುವುದರಿಂದ ಅಂಥವರಿಗೂ ಮೆಣಸಿನ ವಾಸನೆ ಬರುತ್ತದೆ, ವೈನ್‌ನದು ಬರುವುದಿಲ್ಲ. ಭಾವನಿಗೆ ಫೋನ್ ಮಾಡಿ ಪೂರ್ತಿ ಓದಿ ಹೇಳಿದೆ. ಅವರಿಗೆ ಸಮಾಧಾನ, ನನಗೆ ಒಂದು ಧೈರ್ಯ. ಒಂದೇ ಲೋಟದಲ್ಲಿ ಇಬ್ಬರಿಗೆ ಬೇರೆ ಬೇರೆ ಕಂಡರೆ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ವೈನ್ ಗೊತ್ತಿರುವವರ ಎದುರು ಬಾಯಿ ಬಿಡಲು ಹಿಂಜರಿಯುವವರಿಗೆಲ್ಲ ಇದನ್ನು ಹೇಳಬೇಕು ಅನ್ನಿಸುತ್ತದೆ. ಬ್ಲ್ಯಾಕ್‌ಕರಂಟ್ ಹಣ್ಣನ್ನು ನಾವು ಕಂಡೇ ಇಲ್ಲದಿರಬಹುದು, ಆದರೆ ನೇರಳೆ, ಕೋಕಂ, ಲವಂಗ, ಸುಟ್ಟ ಬದನೆಕಾಯಿ ನಮ್ಮ ಮೂಗಿಗೆ ಗೊತ್ತು. ಆ ಹೆಸರುಗಳನ್ನೇ ಹೇಳಿದರಾಯಿತು.

ಅಂದಿನಿಂದ ಮನೆಯಲ್ಲೂ ಜೋಡಿ ಲೋಟದ ಅಭ್ಯಾಸ ಮಾಡಿಕೊಂಡಿದ್ದೇನೆ. ದುಬಾರಿ ಬಾಟಲಿ ಬೇಕಿಲ್ಲ. ಅಕ್ಕ ಒಂದು ತರುತ್ತಾಳೆ, ನಾನು ಒಂದು ತರುತ್ತೇನೆ, ತಲಾ ಅರ್ಧ ಲೋಟ ಸುರಿದುಕೊಂಡು ಕೂರುತ್ತೇವೆ. ಉಳಿದದ್ದಕ್ಕೆ ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಕೆಡುವುದಿಲ್ಲ. ಅತಿ ಹೆಚ್ಚು ಕಲಿಸಿದ್ದು ಒಂದೇ ವೈನ್‌ನ ಎರಡು ಲೋಟ. ಏಪ್ರಿಲ್ ಸೆಕೆಯಲ್ಲಿ ಅಡುಗೆಮನೆ ಕಟ್ಟೆಯ ಮೇಲಿದ್ದ ಕೆಂಪು ವೈನ್ ಒಂದು ಲೋಟದಲ್ಲಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟದ್ದು ಇನ್ನೊಂದರಲ್ಲಿ. ಬೆಚ್ಚಗಿನದು ಮೂಗಿಗೆ ಸ್ಪಿರಿಟ್ ಹೊಡೆಯಿತು, ತಂಪಿನದರಲ್ಲಿ ಹಣ್ಣು ಗೊತ್ತಾಯಿತು. ಕೆಂಪು ವೈನನ್ನು ಹೊರಗಿಟ್ಟೇ ಕುಡಿಯಬೇಕೆಂಬ ಮಾತು ಚಳಿ ದೇಶದ ಮನೆಗಳಿಗೆ ಸರಿ. ಅದಕ್ಕೆ 16–18 ಡಿಗ್ರಿ ಹಿತ, ನಮ್ಮ ಬೇಸಿಗೆಯ ಅಡುಗೆಮನೆ 30 ದಾಟಿರುತ್ತದೆ. ಹೋಟೆಲಿನ ವೈನ್‌ಗಳು ಯಾಕೆ ಹಿಡಿಸುತ್ತಿರಲಿಲ್ಲ ಎನ್ನುವುದಕ್ಕೆ ಇದೂ ಒಂದು ಕಾರಣವಿರಬೇಕು.

ಊಟದ ಜೊತೆ ಹೊಂದಿಸುವುದು ಇನ್ನೂ ಕೈಗೆ ಪೂರ್ತಿ ಹತ್ತಿಲ್ಲ. ಒಗರಿನ ಕೆಂಪು ವೈನ್ ಮತ್ತು ಖಾರದ ಕೋಳಿ ಸಾರು ಕೂಡಿದರೆ ಬಾಯಿ ಉರಿಯುತ್ತದೆ. ಆಲ್ಕೋಹಾಲ್ ಖಾರವನ್ನು ಏರಿಸುತ್ತದೆ, ಒಗರು ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಅದೇ ವೈನ್ ಚೀಸ್ ಜೊತೆಗೋ ತುಪ್ಪದಲ್ಲಿ ಹುರಿದ ಗೋಡಂಬಿಯ ಜೊತೆಗೋ ಮೃದುವಾಗುತ್ತದೆ. ಸಾರಿನ ಊಟಕ್ಕೆ ತುಸು ಸಿಹಿ ಉಳಿದಿರುವ, ಚೆನ್ನಾಗಿ ತಂಪಾಗಿರುವ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಒಗ್ಗುತ್ತದೆ ಎಂದು ವೈನರಿಯ ಹುಡುಗಿ ಹೇಳಿದ್ದಳು. ಬರುವ ಭಾನುವಾರ ಅಕ್ಕನ ಮನೆಯಲ್ಲಿ ಕೋಳಿ ಸಾರು, ಮುದ್ದೆ. ಬಾಟಲಿ ನನ್ನ ಪಾಲಿಗೆ ಬಂದಿದೆ.