ಕೃಷ್ಣೆ ದಾಟಿ ತಂದ ಗ್ರಾಫಿಕ್ಸ್ ಕಾರ್ಡ್

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಇದ್ದದ್ದು ಜಿಟಿಎಕ್ಸ್ 1050 ಟಿಐ ಎಂಬ ಗ್ರಾಫಿಕ್ಸ್ ಕಾರ್ಡ್, ಅಂದರೆ ಪರದೆಯ ಮೇಲೆ ಆಟದ ಚಿತ್ರ ಮೂಡಿಸುವ ಭಾಗ. ಎನ್‌ವಿಡಿಯಾ ಅದನ್ನು ಮಾರುಕಟ್ಟೆಗೆ ಬಿಟ್ಟಿದ್ದು 2016ರ ಅಕ್ಟೋಬರಿನಲ್ಲಿ. ನಾನು ಕೊಂಡಿದ್ದು 2018ರಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ. 4 ಜಿಬಿ ಮೆಮೊರಿ, 75 ವ್ಯಾಟ್ ಕರೆಂಟು. ಅದಕ್ಕೆ ಬೇರೆ ವೈರು ಬೇಕಿರಲಿಲ್ಲ, ಮದರ್‌ಬೋರ್ಡಿನ ಸ್ಲಾಟಿನಿಂದಲೇ ಎಲ್ಲ ಎಳೆದುಕೊಳ್ಳುತ್ತಿತ್ತು. ರಾಯಚೂರು, ಮಾನ್ವಿ, ಸಿಂಧನೂರಿನ ಕಡೆ ನನಗೆ ಗೊತ್ತಿರುವ ಗೇಮ್ ಹುಡುಗರಲ್ಲಿ ಬಹಳಷ್ಟು ಜನರ ಹತ್ತಿರ ಇದೇ ಕಾರ್ಡು. ಊರಿನ ಅಂಗಡಿಯವರು ಜೋಡಿಸಿ ಕೊಟ್ಟ ಯಾವ ಕ್ಯಾಬಿನೆಟ್ಟಿನಲ್ಲಿ ಹಾಕಿದರೂ ಸುಮ್ನೆ ಓಡುತ್ತಿತ್ತು.

ಅಕ್ಕನ ಮಗ ಡಿಪ್ಲೊಮಾ ಓದಲು ನಮ್ಮ ಮನೆಗೆ ಬಂದು ಸೇರಿದ ಮೇಲೆ ಕಂಪ್ಯೂಟರಿನ ಮೇಲಿನ ಹಕ್ಕು ಅರ್ಧ ಅವನದಾಯಿತು. ಸಂಜೆ ನಾನು, ರಾತ್ರಿ ಅವನು. ಜಿಟಿಎ 5 ಆರಾಮಾಗಿ ನಡೆಯುತ್ತಿತ್ತು. ಅದು ಪಿಸಿಗೆ ಬಂದಿದ್ದೇ 2015ರಲ್ಲಿ. ಆದರೆ ಅಳಿಯನಿಗೆ ಬೇಕಿದ್ದದ್ದು ಸೈಬರ್‌ಪಂಕ್ 2077. ಎಲ್ಲ ಸೆಟಿಂಗೂ ಕೆಳಗಿಳಿಸಿ, ರೆಸಲ್ಯೂಷನ್ ಕಡಿಮೆ ಮಾಡಿ, ಮಸುಕು ಮಸುಕಾದ ಆ ಊರಿನಲ್ಲಿ ಅವನು ಓಡಾಡುತ್ತಿದ್ದ. ಕಾರು ಸ್ವಲ್ಪ ಜೋರಾಗಿ ಓಡಿಸಿದರೆ ಚಿತ್ರ ಕಿತ್ತುಕೊಂಡು ಬರುತ್ತಿತ್ತು. ಅವನು ದೂರಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚುತ್ತಿತ್ತು.

2025ರ ಅಕ್ಟೋಬರಿನಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಅದೇ ತಿಂಗಳು ಎನ್‌ವಿಡಿಯಾ ನಮ್ಮ ಕಾರ್ಡಿನ ಪೀಳಿಗೆಗೆ, ಅಂದರೆ ಪ್ಯಾಸ್ಕಲ್‌ಗೆ, ಹೊಸ ಗೇಮ್‌ಗಳ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಕೊಡುವುದನ್ನು ಮುಗಿಸಿತು. ಇನ್ನು ಮೂರು ತಿಂಗಳಿಗೊಮ್ಮೆ ಭದ್ರತೆಯ ಅಪ್‌ಡೇಟ್ ಮಾತ್ರ, ಅದೂ 2028ರ ಅಕ್ಟೋಬರಿನವರೆಗೆ. ವಿಂಡೋಸಿನ ಚಿಂತೆ ನಮಗಿರಲಿಲ್ಲ. ನಮ್ಮ ಪ್ರೊಸೆಸರ್ ಐ5-8400, ಎಂಟನೇ ಪೀಳಿಗೆಯದು, ವಿಂಡೋಸ್ 11 ಒಪ್ಪಿಕೊಳ್ಳುತ್ತದೆ. ಕಾರ್ಡಿನ ಕಥೆ ಮಾತ್ರ ಮುಗಿಯುತ್ತ ಬಂದಿತ್ತು. ಇಂಡಿಯಾನಾ ಜೋನ್ಸ್‌ನ ಹೊಸ ಗೇಮ್ ಥರದವು ಹಾರ್ಡ್‌ವೇರಿನಲ್ಲೇ ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದ ಹಾಗೆ ಲೆಕ್ಕಹಾಕಿ ತೋರಿಸುವ ವಿಧಾನ) ಇಲ್ಲದಿದ್ದರೆ ಓಡುವುದೇ ಇಲ್ಲ, ನಮ್ಮ ಕಾರ್ಡಿನಲ್ಲಿ ಅದಿಲ್ಲ. ಸೆಟಿಂಗ್ ಕಡಿಮೆ ಮಾಡಿಕೊಂಡು ಆಡ್ತೀನಿ ಅನ್ನುವ ದಾರಿಯೂ ಅಲ್ಲಿ ಮುಚ್ಚಿದೆ.

ರೊಕ್ಕದ ಮಾತು ಬಂದಾಗ ಅಕ್ಕ ಫೋನಿನಲ್ಲಿ ಒಂದೇ ಮಾತು ಹೇಳಿದಳು. "ಹತ್ತಿ ರೇಟ್ ನೋಡಿಯಿಲ್ಲೋ ತಮ್ಮ, ಈ ವರ್ಷ ಆಟಕ್ಕ ಎಲ್ಲಿಂದ ತರ್ಲಿ?" ಅವಳು ಹೇಳಿದ್ದು ಸರಿಯೇ ಇತ್ತು. ಮಳೆ ಜಾಸ್ತಿಯಾಗಿ ಹೊಲದಲ್ಲೇ ಹತ್ತಿ ನೆನೆದಿತ್ತು. ಹೊರದೇಶದ ಹತ್ತಿಯ ಮೇಲಿನ ಶೇ 11ರ ಆಮದು ಸುಂಕವನ್ನು ಕೇಂದ್ರ ಸರ್ಕಾರ ಡಿಸೆಂಬರ್ ಕೊನೆಯವರೆಗೆ ತೆಗೆದಿತ್ತು. ಉದ್ದ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 8,110 ರೂಪಾಯಿ ಅಂತ ಇದ್ದರೂ ನೆನೆದ ಹತ್ತಿಗೆ ಗಂಜ್‌ನಲ್ಲಿ, ಅಂದರೆ ಎಪಿಎಂಸಿ ಮಾರುಕಟ್ಟೆಯಲ್ಲಿ, ಅಷ್ಟು ಯಾರು ಕೊಡುತ್ತಾರೆ? ಹಾಗಾಗಿ ಅಕ್ಕನನ್ನು ಕೇಳುವುದು ಬೇಡ ಎಂದು ತೀರ್ಮಾನಿಸಿದೆವು. ಅಳಿಯ ರಜೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಯಲ್ಲಿ ದುಡಿದು ಸ್ವಲ್ಪ ಉಳಿಸಿದ್ದ. ಉಳಿದಿದ್ದು ನಾನು ಹಾಕಿದೆ. ಎಲ್ಲ ಸೇರಿ ಹದಿನೆಂಟು ಸಾವಿರ.

ಇಷ್ಟರಲ್ಲಿ ಯಾವ ಕಾರ್ಡ್? ಯೂಟ್ಯೂಬ್ ತೆಗೆದರೆ ಸಾವಿರ ಉತ್ತರ. ಆದರೆ ಅವರ ಲೆಕ್ಕ ನಮ್ಮೂರಿಗೆ ಹಾಗೇ ಹೊಂದುವುದಿಲ್ಲ. ಅವರು ಎಸಿ ಹಾಕಿದ, 21 ಡಿಗ್ರಿಯ ಕೋಣೆಯಲ್ಲಿ ಕಾರ್ಡ್ ಪರೀಕ್ಷೆ ಮಾಡಿ 70 ಡಿಗ್ರಿ ಬಂತು ಅನ್ನುತ್ತಾರೆ. ಗಾಳಿಯಿಂದ ತಣಿಯುವ ಚಿಪ್ ಅದು. ಕೋಣೆ ಎಷ್ಟು ಬಿಸಿಯಾಗುತ್ತದೋ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಮೇಲೇರುತ್ತದೆ. ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಹೊರಗೆ 40 ದಾಟಿರುತ್ತದೆ, ರಾತ್ರಿ ಒಳಗೆ 35ರ ಕೆಳಗೆ ಇಳಿಯುವುದೇ ಕಷ್ಟ. ಅವರ 70 ನಮ್ಮಲ್ಲಿ 84 ಆಗುತ್ತದೆ. ಇದನ್ನು ಯಾರೂ ಹೇಳುವುದಿಲ್ಲ, ನಾವೇ ಕೂಡಿಸಿಕೊಳ್ಳಬೇಕು. ಅದರ ಮೇಲೆ ಕಾರ್ಡು ಕುಡಿದ ಕರೆಂಟೆಲ್ಲ ಕೊನೆಗೆ ಕೋಣೆಗೆ ಶಾಖವಾಗಿಯೇ ಬರುತ್ತದೆ. 75 ವ್ಯಾಟಿನ ಕಾರ್ಡಿನಿಂದ 132 ವ್ಯಾಟಿನದಕ್ಕೆ ಹೋದರೆ ಹಳೇ ಕಾಲದ 60 ವ್ಯಾಟಿನ ಬಲ್ಬೊಂದನ್ನು ಮುಚ್ಚಿದ ಕೋಣೆಯಲ್ಲಿ ಹಚ್ಚಿಟ್ಟ ಹಾಗೆ.

132 ವ್ಯಾಟ್ ಅಂದೆನಲ್ಲ, ಅದು ಆರ್‌ಎಕ್ಸ್ 6600. ಎಎಮ್‌ಡಿ 2021ರ ಅಕ್ಟೋಬರಿನಲ್ಲಿ ತಂದದ್ದು, 8 ಜಿಬಿ ಮೆಮೊರಿ, ರೇ ಟ್ರೇಸಿಂಗ್ ಉಂಟು. ಆ ಇಂಡಿಯಾನಾ ಜೋನ್ಸ್ ಗೇಮಿಗೆ ಕನಿಷ್ಠ ಬೇಕು ಅಂತ ಎಎಮ್‌ಡಿ ಕಡೆಯಿಂದ ಹೆಸರಿಸಿರುವುದೂ ಇದನ್ನೇ. ನಮ್ಮ ಮಾನಿಟರ್ ಸಾದಾ 1080ಪಿ, 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಫ್ರೇಮು (ಚಿತ್ರ) ತೋರಿಸುವುದು. ಅದಕ್ಕೆ ಇದಕ್ಕಿಂತ ದೊಡ್ಡದು ತಂದು ಏನು ಮಾಡುವುದು? ಊರಿನ ಅಂಗಡಿಯೊಂದರಲ್ಲಿ ಆರ್‌ಎಕ್ಸ್ 6500 ಎಕ್ಸ್‌ಟಿ ತಗೊಳ್ಳಿ, ಹೊಸದೇ ಸಿಗುತ್ತದೆ, ನಂಬರೂ ಹತ್ತಿರ ಹತ್ತಿರ ಇದೆ ಅಂದರು. ನಂಬರ್ ಹತ್ತಿರವಿದ್ದರೂ ಅದರ ಮೆಮೊರಿ ಮತ್ತೆ 4 ಜಿಬಿಯೇ. ಜೊತೆಗೆ ಅದು ಮದರ್‌ಬೋರ್ಡಿನ ಜೊತೆ ಮಾತಾಡುವುದು ಬರೀ ನಾಲ್ಕು ಲೇನಿನಲ್ಲಿ, ಅಂದರೆ ಡೇಟಾ ಓಡಾಡುವ ನಾಲ್ಕೇ ಸಾಲಿನಲ್ಲಿ. ಹೊಸ ಬೋರ್ಡಿನಲ್ಲಿ ನಡೆದೀತು. ನಮ್ಮದರ ಸ್ಲಾಟು ಹಳೇ ಪೀಳಿಗೆಯ ಪಿಸಿಐಇ 3, ಅದರಲ್ಲಿ ಆ ಕಾರ್ಡು ಬಹಳ ಸೊರಗುತ್ತದೆ. 6600ಕ್ಕೆ ಎಂಟು ಲೇನ್ ಇದೆ, ಹಳೇ ಬೋರ್ಡಿನಲ್ಲೂ ಅಷ್ಟು ನಷ್ಟವಿಲ್ಲ. ಹಳೇ ಕಂಪ್ಯೂಟರಿಗೆ ಕಾರ್ಡ್ ಹುಡುಕುವವರು ಇದೊಂದನ್ನು ನೋಡಲೇಬೇಕು.

ಇನ್ನೊಂದು ಎಸ್‌ಎಂಪಿಎಸ್. ಅದು ಕಂಪ್ಯೂಟರಿಗೆಲ್ಲ ಕರೆಂಟು ಹಂಚುವ ಡಬ್ಬಿ. ಕ್ಯಾಬಿನೆಟ್ ಬಿಚ್ಚಿ ಅಳಿಯನಿಗೆ ಅದರ ಲೇಬಲ್ ತೋರಿಸಿದೆ. ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್ ಅಂತಿತ್ತು. ಕೆಳಗೆ ಸಣ್ಣ ಅಂಕಣದಲ್ಲಿ 12 ವೋಲ್ಟಿನ ಎದುರು 16 ಆಂಪಿಯರ್. ಗುಣಿಸಿದರೆ 192 ವ್ಯಾಟ್. ಪ್ರೊಸೆಸರಿಗೇ 65, ಹೊಸ ಕಾರ್ಡಿಗೆ 132, ಅಲ್ಲಿಗೇ 197. ಫ್ಯಾನು, ಡಿಸ್ಕು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಮೇಲಾಗಿ ಕಾರ್ಡಿಗೆ ಬೇಕಾದ 8 ಪಿನ್ನಿನ ವೈರೇ ಅದರಲ್ಲಿರಲಿಲ್ಲ. "ಅಂದ್ರ 450 ಅಂತ ಯಾಕ ಬರದಾರ ಮಾಮ?" ಅಂದ. 3.3 ಮತ್ತು 5 ವೋಲ್ಟಿನದೆಲ್ಲ ಸೇರಿಸಿ ಬರೆದಿರುತ್ತಾರೆ, ಎಷ್ಟೋ ಸಲ ಅದಕ್ಕಿಂತಲೂ ಜಾಸ್ತಿ. ಕಾರ್ಡು ತಿನ್ನುವುದು 12 ವೋಲ್ಟನ್ನೇ. ಹೀಗಾಗಿ ನಾಲ್ಕು ಸಾವಿರ ಒಳ್ಳೆಯ ಎಸ್‌ಎಂಪಿಎಸ್‌ಗೆ ಅಂತ ಎತ್ತಿಟ್ಟೆವು. ಉಳಿದದ್ದರಲ್ಲಿ ಹೊಸ 6600 ಬರುತ್ತಿರಲಿಲ್ಲ. ಸೆಕೆಂಡ್ ಹ್ಯಾಂಡೇ ಗತಿ.

ಹೊರಡುವ ಮುಂಚೆ ಇನ್ನೊಂದು ಗಾಬರಿ. ಎಎಮ್‌ಡಿ ತನ್ನ 5000 ಮತ್ತು 6000 ಸರಣಿಯ ಕಾರ್ಡುಗಳನ್ನು ಬರೀ ನಿರ್ವಹಣೆಯ ಪಟ್ಟಿಗೆ ಸೇರಿಸುತ್ತಿದೆ ಅಂತ ಅಕ್ಟೋಬರ್ ಕೊನೆಗೆ ಸುದ್ದಿ ಬಂತು. ಅಳಿಯನ ಮುಖ ಬಾಡಿತು. ಒಂದು ಕಾರ್ಡಿನ ಡ್ರೈವರ್ ನಿಂತಿತು ಅಂತ ಇನ್ನೊಂದಕ್ಕೆ ಹೋದರೆ ಅದರದೂ ಅದೇ ಹಣೆಬರಹವೇ? ಜನ ಜೋರು ಗಲಾಟೆ ಮಾಡಿದ ಮೇಲೆ ಕಂಪನಿ ಸ್ಪಷ್ಟನೆ ಕೊಟ್ಟಿತು, ಹೊಸ ಗೇಮುಗಳಿಗೆ ಡ್ರೈವರ್ ಕೊಡುವುದು ಮುಂದುವರಿಯುತ್ತದೆ ಅಂತ. 2021ರಲ್ಲಿ ಬಂದ ಕಾರ್ಡಿಗೆ ಇಷ್ಟು ಬೇಗ ಇಂಥ ಮಾತು ಬರಬಾರದಿತ್ತು. ನಮ್ಮಂಥವರು ಒಂದು ಕಾರ್ಡನ್ನು ಏಳೆಂಟು ವರ್ಷ ಬಳಸುತ್ತೇವೆ. ಕಂಪನಿಗಳು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ನವೆಂಬರಿನ ಒಂದು ಶನಿವಾರ ಬೆಳಗಿನ ಜಾವದ ಬಸ್ಸು ಹಿಡಿದೆವು. ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗಳು ನಮಗೆ ಸುಮಾರು 400 ಕಿಲೋಮೀಟರು. ಹೈದರಾಬಾದು ಅದರ ಅರ್ಧ. ರಾಯಚೂರಿನವರು ಆಸ್ಪತ್ರೆಗೂ ಮದುವೆ ಬಟ್ಟೆಗೂ ಆ ಕಡೆಗೇ ಹೋಗುವುದು, ಕಂಪ್ಯೂಟರಿಗೂ ಅಷ್ಟೇ. ಶಕ್ತಿನಗರ ಬಂದಾಗ ಇನ್ನೂ ಮಬ್ಬುಗತ್ತಲು. ಎಂಟು ಘಟಕ, 1,720 ಮೆಗಾವ್ಯಾಟಿನ ಸ್ಥಾವರ, ಚಿಮಣಿಗಳ ತುದಿಯ ಕೆಂಪು ದೀಪ. ಕೃಷ್ಣೆಯ ಸೇತುವೆ ದಾಟಿದರೆ ತೆಲಂಗಾಣ. ಮಕ್ತಲ್, ಮಹಬೂಬನಗರ, ಜಡ್ಚರ್ಲಾ. ಅಳಿಯ ದಾರಿಯುದ್ದಕ್ಕೂ ಮೊಬೈಲಿನಲ್ಲಿ ರೇಟು ನೋಡುತ್ತಲೇ ಇದ್ದ. ಎಂಜಿಬಿಎಸ್ ಬಸ್ ನಿಲ್ದಾಣದಲ್ಲಿ ಇಳಿದು ಮೆಟ್ರೊ ಹತ್ತಿದರೆ ಪರೇಡ್ ಗ್ರೌಂಡ್. ಅಲ್ಲಿಂದ ಸಿಕಂದರಾಬಾದಿನ ಸಿಟಿಸಿ ಹತ್ತಿರವೇ. ಪೂರಾ ಹೆಸರು ಚಿನಾಯ್ ಟ್ರೇಡ್ ಸೆಂಟರ್. ಒಳಗೆ ಸಾಲು ಸಾಲು ಅಂಗಡಿ, ಮೇಲೆ ಕೆಳಗೆ ಬರೀ ಕಂಪ್ಯೂಟರ್ ಸಾಮಾನು.

ಮೊದಲ ಅಂಗಡಿಯಲ್ಲಿ 6600 ಹನ್ನೊಂದು ಸಾವಿರಕ್ಕೆ ಇತ್ತು. ಅಳಿಯನ ಕಣ್ಣು ಅಲ್ಲೇ ನೆಟ್ಟಿತು. ನಾನು ಕಾರ್ಡು ಕೈಗೆ ತಗೊಂಡು ಹಿಂದೆ ತಿರುಗಿಸಿದೆ. ಶಾಖ ಹೊರಹಾಕುವ ಹೀಟ್‌ಸಿಂಕ್ ಹಿಡಿದಿರುವ ಸ್ಕ್ರೂಗಳ ತಲೆ ಸವೆದು ಬೆಳ್ಳಿಯ ಬಣ್ಣ ಕಾಣುತ್ತಿತ್ತು, ಒಂದರ ಮೇಲಿನ ವಾರಂಟಿ ಸ್ಟಿಕ್ಕರ್ ಇರಲಿಲ್ಲ. ಮೆಮೊರಿ ಚಿಪ್ಪುಗಳ ಅಂಚಿನಲ್ಲಿ ಎಣ್ಣೆ ಜಿನುಗಿದ ಗುರುತು. ಚಿಪ್ಪಿನ ಶಾಖವನ್ನು ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪ್ಯಾಡು ಬಹಳ ದಿನ ಕಾದರೆ ಹೀಗೆ ಬಿಡುತ್ತದೆ. ಟೆಸ್ಟ್ ಮಾಡಿಸಿ ಅಂದರೆ ಅಂಗಡಿಯ ಹುಡುಗ ಮನಸ್ಸಿಲ್ಲದ ಮನಸ್ಸಿನಿಂದ ಹಾಕಿದ. ಎರಡೇ ನಿಮಿಷಕ್ಕೆ ಚಿಪ್ಪಿನ ಉಷ್ಣ 72, ಅದರ ಅತಿ ಬಿಸಿ ಜಾಗದ್ದು 103. ಈ ಕಾರ್ಡಿನ ಗಡಿಯೇ 110. ಆ ಎರಡು ಅಂಕಿಗಳ ನಡುವೆ 30 ಡಿಗ್ರಿ ಅಂತರ ಇದ್ದರೆ ಒಳಗಿನ ಪೇಸ್ಟು ಒಣಗಿದೆ ಅಥವಾ ಬಿಚ್ಚಿ ಸರಿಯಾಗಿ ಕೂರಿಸಿಲ್ಲ. ನವೆಂಬರಿನಲ್ಲೇ ಹೀಗಾದರೆ ನಮ್ಮ ಮೇ ತಿಂಗಳಲ್ಲಿ? ಹುಡುಗ ಟೆಸ್ಟನ್ನು ಅಷ್ಟಕ್ಕೇ ನಿಲ್ಲಿಸಿಬಿಟ್ಟ.

"ಮಾಮ, ಮೂರು ಸಾವಿರ ಉಳಿತಾವ," ಅಂದ ಅಳಿಯ, ಸಣ್ಣ ದನಿಯಲ್ಲಿ.

"ಬ್ಯಾಡಪ, ನಡಿ," ಅಂದೆ.

ಮೆಟ್ಟಿಲ ಹತ್ತಿರ ನಿಂತು ಅವನಿಗೆ ಹೇಳಿದೆ. 2022ರ ಸೆಪ್ಟೆಂಬರ್ 15ರವರೆಗೆ ಎಥೀರಿಯಂ ನಾಣ್ಯ ಗಳಿಸಲು ಜನ ಇಂಥ ಕಾರ್ಡುಗಳನ್ನು ಹಗಲೂ ರಾತ್ರಿ ಓಡಿಸುತ್ತಿದ್ದರು. ಅವತ್ತು ಆ ನಾಣ್ಯದ ಪದ್ಧತಿಯೇ ಬದಲಾಯಿತು, ಗ್ರಾಫಿಕ್ಸ್ ಕಾರ್ಡಿನ ಅಗತ್ಯ ತಪ್ಪಿತು, ಕಾರ್ಡುಗಳೆಲ್ಲ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬಂದವು. ಹಾಗೆ ಓಡಿದ ಕಾರ್ಡೆಲ್ಲ ಕೆಟ್ಟದ್ದು ಅಂತಲ್ಲ, ಚೆನ್ನಾಗಿ ನೋಡಿಕೊಂಡವು ಇನ್ನೂ ಎಷ್ಟೋ ವರ್ಷ ಬಾಳುತ್ತವೆ. ಆದರೆ ಓಡಿಸಿ ತೋರಿಸಲು ಒಲ್ಲೆ ಅನ್ನುವವರ ಹತ್ತಿರ ಕೊಳ್ಳಬಾರದು. ಕೆಲವರು ಹಳೇ ಜಿಟಿಎಸ್ 450ರ ಒಳಗಿನ ಬಯೋಸ್, ಅಂದರೆ ಕಾರ್ಡು ತನ್ನ ಹೆಸರು ಹೇಳಿಕೊಳ್ಳುವ ಸಾಫ್ಟ್‌ವೇರ್, ಬದಲಿಸಿ 1050 ಟಿಐ ಅಂತ ಮಾರಿದ್ದೂ ಉಂಟು.

ಸುಮಾರು ಅಂಗಡಿ ಸುತ್ತಿದ ಮೇಲೆ ಹಿಂದಿನ ಸಾಲಿನಲ್ಲಿ ವಯಸ್ಸಾದವರೊಬ್ಬರು ಸಿಕ್ಕರು. ಅವರ ರೇಟು ಹದಿಮೂರು ಸಾವಿರ. 2023ರ ಬಿಲ್ಲು ಇತ್ತು, ಕಂಪನಿಯ ಮೂರು ವರ್ಷದ ವಾರಂಟಿಯಲ್ಲಿ ಇನ್ನೂ ಕೆಲವು ತಿಂಗಳು ಉಳಿದಿತ್ತು. ನಾವು ಕೇಳುವ ಮುಂಚೆಯೇ ಅವರು ಕಾರ್ಡನ್ನು ಮೇಜಿನ ಮೇಲಿನ ತೆರೆದ ಕಂಪ್ಯೂಟರಿಗೆ ಸೇರಿಸಿ, ಜಿಪಿಯು-ಝಡ್ ತೆಗೆದು ಚಿಪ್ಪು, ಮೆಮೊರಿ ತೋರಿಸಿ, ಕಾರ್ಡಿಗೆ ಪೂರಾ ಕೆಲಸ ಕೊಡುವ ಫರ್‌ಮಾರ್ಕ್ ಪರೀಕ್ಷೆ ಹಚ್ಚಿ ಚಹಾ ತರಿಸಿದರು. ಚಹಾ ಕುಡಿದು, ಮಾತು ಮುಗಿಯುವವರೆಗೂ ಅದು ಓಡುತ್ತಲೇ ಇತ್ತು. ಚಿಪ್ಪಿನ ಉಷ್ಣ 68ಕ್ಕೆ, ಅತಿ ಬಿಸಿ ಜಾಗದ್ದು 82ಕ್ಕೆ ಬಂದು ನಿಂತಿತು. ಫ್ಯಾನಿನಲ್ಲಿ ಗರಗರ ಇಲ್ಲ. ರ‍್ಯಾಮ್ ರೇಟು ದಿನಾ ಏರ್ತಾ ಇದೆ, ಎಐ ಕಂಪನಿಗಳು ಎಲ್ಲ ಮೆಮೊರಿ ಎತ್ತಿಕೊಳ್ಳುತ್ತಿವೆ, ಕಾರ್ಡಿನ ರೇಟೂ ಏರಬಹುದು ಅಂತ ಅವರು ದಖನಿಯಲ್ಲಿ ಹೇಳಿದರು. ಬಿಲ್ಲಿನ ಹಿಂದೆ ಸೀರಿಯಲ್ ನಂಬರ್ ಬರೆದು ಸಹಿ ಹಾಕಿಕೊಟ್ಟರು. ಎಸ್‌ಎಂಪಿಎಸ್ ಕೂಡ ಅಲ್ಲೇ ತಗೊಂಡೆವು, 550 ವ್ಯಾಟಿನದು. ಈ ಸಲ ಅಳಿಯನೇ 12 ವೋಲ್ಟಿನ ಅಂಕಣಕ್ಕೆ ಬೆರಳಿಟ್ಟು ಓದಿದ.

ವಾಪಸ್ ಬರುವಾಗ ಡಬ್ಬಿ ಅವನ ತೊಡೆಯ ಮೇಲೆಯೇ ಇತ್ತು. ಮೇಲಿನ ರ‍್ಯಾಕಿಗೆ ಇಡಲು ಒಪ್ಪಲಿಲ್ಲ.

ಭಾನುವಾರ ಹಳೇ ಕಾರ್ಡು ತೆಗೆದೆವು. ನಮ್ಮ ಮನೆ ಜಿನ್ನಿಂಗ್ ಮಿಲ್ಲುಗಳಿಂದ ಬಹಳ ದೂರವಿಲ್ಲ. ಫ್ಯಾನಿನ ಕೆಳಗೆ, ಹೀಟ್‌ಸಿಂಕಿನ ಎಲೆಗಳ ನಡುವೆ, ಹತ್ತಿಯ ಸಣ್ಣ ಎಳೆಗಳು ಧೂಳಿನ ಜೊತೆ ಹೆಣೆದುಕೊಂಡು ಬೂದು ಬಣ್ಣದ ಚಾಪೆಯಾಗಿತ್ತು. ಚಿಮುಟದಿಂದ ಒಂದು ತುದಿ ಹಿಡಿದು ಎಳೆದರೆ ಪೂರಾ ಹಾಳೆಯೇ ಎದ್ದು ಬಂತು. ಪೇಸ್ಟು ಬದಲಿಸಿ ಒರೆಸಿ ಇಟ್ಟೆವು. ಹೊಸದರ ಗಾಳಿಗೂ ಇದೇ ಗತಿ ಆಗಬಾರದೆಂದು ಕ್ಯಾಬಿನೆಟ್ಟಿನ ಮುಂದೆ ಸೊಳ್ಳೆಪರದೆಯ ಸಣ್ಣ ಜಾಲರಿ ಕಟ್ಟಿದೆವು, ತಿಂಗಳಿಗೊಮ್ಮೆ ಬಿಚ್ಚಿ ಝಾಡಿಸಲು ಬರುವ ಹಾಗೆ.

ಹಳೇ ಡ್ರೈವರ್ ಅಳಿಸಿ ಹೊಸದು ಹಾಕಿದ್ದಾಯಿತು. ಕಂಪ್ಯೂಟರ್ ಶುರುವಾದಾಗ ಕಾರ್ಡಿನ ಫ್ಯಾನ್ ತಿರುಗದ್ದು ನೋಡಿ ಅಳಿಯ ಗಾಬರಿಯಾದ. ಕೆಲಸ ಇಲ್ಲದಾಗ ಅದು ಫ್ಯಾನ್ ನಿಲ್ಲಿಸಿಕೊಂಡೇ ಇರುತ್ತದೆ ಅಂದೆ. ಆಮೇಲೆ ಫ್ರೇಮುಗಳನ್ನು 60ಕ್ಕೆ ಕಟ್ಟಿಹಾಕಿ, ವೋಲ್ಟೇಜನ್ನು ಸ್ವಲ್ಪ ಇಳಿಸಿದೆವು. ನಮ್ಮ ಮಾನಿಟರ್ ತೋರಿಸುವುದೇ 60, ಅದರ ಮೇಲೆ ಕಾರ್ಡು ಬಿಸಿಯಾಗಿ ಪ್ರಯೋಜನವೇನು? ಬೇಸಿಗೆಗೆ ಇದು ಬೇಕೇ ಬೇಕು.

ಸೈಬರ್‌ಪಂಕ್ ತೆರೆದ. ಸೆಟಿಂಗ್ ಹೈ, ಪೂರಾ 1080ಪಿ. ಮಳೆ ಬಿದ್ದ ರಸ್ತೆಯಲ್ಲಿ ಅಂಗಡಿಗಳ ದೀಪ ಮೊದಲ ಸಲ ಚೊಕ್ಕವಾಗಿ ಕಂಡವು. ಅವನು ಕಾರು ಓಡಿಸಲಿಲ್ಲ, ಒಂದು ಓಣಿಯಲ್ಲಿ ನಿಂತು ಗೋಡೆಯ ಮೇಲಿನ ಬರಹಗಳನ್ನು ಓದುತ್ತ ಹೋದ. "ಇಲ್ಲಿ ಇಷ್ಟೆಲ್ಲ ಬರದಾರ ಮಾಮ, ನಾ ಇದನ್ನ ನೋಡೇ ಇರ್ಲಿಲ್ಲ." ಆಟಕ್ಕೆ ಇಷ್ಟು ರೊಕ್ಕ ಯಾಕೆ ಅಂತ ಕೇಳುವವರಿಗೆ ನಾನು ಕೊಡಬಹುದಾದ ಉತ್ತರ ಇದೊಂದೇ.

ಸಂಜೆ ಅವನ ಕಾಲೇಜಿನ ಗೆಳೆಯರು ಬಂದರು. ಒಬ್ಬನ ಹತ್ತಿರ ನಮ್ಮದಕ್ಕಿಂತಲೂ ಹಳೇ ಕಾರ್ಡು, ಅವನಿಗೂ 6600 ಬೇಕಂತೆ, ಮುಂದಿನ ವಾರವೇ ಹೈದರಾಬಾದಿಗೆ ಹೋಗೋಣ ಅಂತ ಕುಣಿಯುತ್ತಿದ್ದ. ಅಳಿಯ ಪರದೆಯಿಂದ ಕಣ್ಣು ತೆಗೆಯದೆ, "ಮೊದ್ಲು ಮನಿಗೆ ಹೋಗಿ ನಿನ್ನ ಎಸ್‌ಎಂಪಿಎಸ್ ಲೇಬಲ್ ಫೋಟೊ ಕಳ್ಸು. 12 ವೋಲ್ಟಿಂದು ಕಾಣಂಗ ತೆಗಿ," ಅಂದ.